ಲಿನಕ್ಸ್ ಕೇಳುತ್ತಿದ್ದ ಪ್ರಶ್ನೆಗಳು

ಮಾನಿಟರಿನ ಹಾರಿಜಾಂಟಲ್ ಸಿಂಕ್ ಎಷ್ಟು ಕಿಲೋಹರ್ಟ್ಜ್? ವರ್ಟಿಕಲ್ ರಿಫ್ರೆಶ್ ಎಷ್ಟು ಹರ್ಟ್ಜ್? 1990ರ ದಶಕದಲ್ಲಿ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಳ್ಳಲು ಕೂತವರ ಎದುರು ಈ ಪ್ರಶ್ನೆಗಳು ಬಂದು ನಿಲ್ಲುತ್ತಿದ್ದವು. ಉತ್ತರ ಇರುತ್ತಿದ್ದದ್ದು ಮಾನಿಟರಿನ ಜೊತೆ ಬಂದ ಪುಸ್ತಿಕೆಯಲ್ಲಿ. ಆ ಪುಸ್ತಿಕೆ ಎಷ್ಟೋ ಮನೆಗಳಲ್ಲಿ ಹಳೆಯ ಪೇಪರಿನ ಜೊತೆ ರದ್ದಿಗೆ ಹೋಗಿಯಾಗಿರುತ್ತಿತ್ತು. ಅಂದಾಜಿನ ಮೇಲೆ ಸಂಖ್ಯೆ ಬರೆಯೋಣವೆಂದರೆ, ತಪ್ಪು ಸಂಖ್ಯೆ ಕೊಟ್ಟರೆ ಮಾನಿಟರೇ ಸುಟ್ಟುಹೋದೀತು ಎಂಬ ಎಚ್ಚರಿಕೆ ಬೇರೆ. ಉಳಿತಾಯದ ದುಡ್ಡು ಹಾಕಿ ಕಂಪ್ಯೂಟರ್ ಕೊಂಡ ಮನೆಯಲ್ಲಿ ಆ ಎಚ್ಚರಿಕೆಯನ್ನು ಓದಿದ ಮೇಲೂ ಮುಂದುವರಿದವರು ಒಂದೋ ಧೈರ್ಯಸ್ಥರು, ಇಲ್ಲವೇ ಹುಡುಗರು.

ಹಾಗೆ ಮುಂದುವರಿದವರು ಭಾರತದಲ್ಲಿ ಕಡಿಮೆಯೇನೂ ಇರಲಿಲ್ಲ. ಇಂಟರ್ನೆಟ್ಟಿನಿಂದ ಲಿನಕ್ಸ್ ಇಳಿಸಿಕೊಳ್ಳುವುದು ಆಗ ಆಗದ ಮಾತು. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದೇ 1995ರ ಆಗಸ್ಟ್ 15ಕ್ಕೆ, ಅದೂ ಫೋನ್ ಲೈನಿನ ಮೇಲೆ ತೆವಳುವ ವೇಗದಲ್ಲಿ. ದಾರಿ ತೋರಿಸಿದ್ದು ಒಂದು ಪತ್ರಿಕೆ. 1996ರಿಂದ ಪಿಸಿ ಕ್ವೆಸ್ಟ್ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಹಂಚತೊಡಗಿತು. ಅದರ ಹಿಂದೆ ದುಡಿದವರಲ್ಲಿ ಮುಖ್ಯರು ಬೆಂಗಳೂರಿನ ಅತುಲ್ ಚಿಟ್ನಿಸ್. ಮುಂದೆ ಲಿನಕ್ಸ್ ಬೆಂಗಳೂರು, ಆಮೇಲೆ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ನಡೆದ ಸಮ್ಮೇಳನಗಳ ಬೆನ್ನಿಗಿದ್ದವರೂ ಅವರೇ. ಈ ದೇಶದ ಒಂದು ಇಡೀ ತಲೆಮಾರಿನ ಎಂಜಿನಿಯರುಗಳು ಲಿನಕ್ಸನ್ನು ಮೊದಲು ಕಂಡದ್ದು ಪೇಪರ್ ಸ್ಟಾಲಿನಲ್ಲಿ ಕೊಂಡ ಪತ್ರಿಕೆಯ ಜೊತೆಗೆ.

ಆದರೆ ಅವರೆಲ್ಲ ಎಂಜಿನಿಯರುಗಳು, ಅಥವಾ ಆಗಲು ಹೊರಟವರು. ಅದೇ ಮನೆಯ ಅಪ್ಪ ಒಂದು ಪತ್ರ ಟೈಪ್ ಮಾಡಬೇಕೆಂದಾಗ ಮಗ ಕಂಪ್ಯೂಟರನ್ನು ಮುಚ್ಚಿ ವಿಂಡೋಸಿನಲ್ಲಿ ಮತ್ತೆ ತೆರೆದು ಕೊಡುತ್ತಿದ್ದ. ಎಲ್ಲರಿಗೂ ಸೇರಿದ್ದು ಎಂದು ಹೇಳಿಕೊಂಡ ವ್ಯವಸ್ಥೆಯೊಂದು ಆ ಅಪ್ಪನ ಕೈಗೆ ಸಿಗಲು ಎಷ್ಟು ವರ್ಷ ಹಿಡಿಯಿತು, ಯಾರೊಡನೆ ಎಷ್ಟು ಜಗಳ ಆಯಿತು ಎನ್ನುವ ಕಥೆ ಲಿನಕ್ಸಿನ ಗೆಲುವಿನ ಕಥೆಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಸರ್ವರುಗಳನ್ನು ಗೆದ್ದದ್ದು, ಸೂಪರ್ ಕಂಪ್ಯೂಟರುಗಳನ್ನು ಗೆದ್ದದ್ದು ಬರುತ್ತದೆ. ಮೇಜಿನ ಮೇಲಿನ ಕಂಪ್ಯೂಟರಿನದು ಸೋಲಿನ ಕಥೆ ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಅಷ್ಟು ಸರಳವಲ್ಲ.

*

ಲಿನುಸ್ ಟೊರ್ವಾಲ್ಡ್ಸ್ ತನ್ನ ಹವ್ಯಾಸದ ಕೆಲಸವನ್ನು ಜಗತ್ತಿಗೆ ತಿಳಿಸಿದ್ದು 1991ರ ಆಗಸ್ಟ್ 25ರಂದು, ಹೆಲ್ಸಿಂಕಿಯಿಂದ. ಆತ ಬರೆದದ್ದು ಕರ್ನೆಲ್, ಅಂದರೆ ಯಂತ್ರಕ್ಕೂ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ಹಂಚುವ ತಿರುಳು ಮಾತ್ರ. ಸುತ್ತಲಿನ ಬಹಳಷ್ಟನ್ನು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆಯವರು ಆಗಲೇ ಸಿದ್ಧಮಾಡಿಟ್ಟಿದ್ದರು. ಎರಡೂ ಸೇರಿ ಕೆಲಸ ಮಾಡುವ ವ್ಯವಸ್ಥೆಯಾಯಿತು. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪ್ ಮಾಡಬಲ್ಲವರಿಗೆ ಅದು ಸ್ವರ್ಗ.

ಇದು ಸಾಲದು ಎಂದು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬ ಜರ್ಮನಿಯ ಟ್ಯೂಬಿಂಗನ್‌ನ ವಿದ್ಯಾರ್ಥಿ ಮಥಿಯಾಸ್ ಎಟ್ರಿಶ್. 1996ರ ಅಕ್ಟೋಬರ್ 14ರಂದು ಆತ ಕೆಡಿಇ ಎಂಬ ಯೋಜನೆಯನ್ನು ಪ್ರಕಟಿಸಿದ. ಲಿನಕ್ಸಿನಲ್ಲಿ ಕಿಟಕಿಗಳಿದ್ದವು, ಗುಂಡಿಗಳಿದ್ದವು, ಆದರೆ ಒಂದು ತಂತ್ರಾಂಶದ ಗುಂಡಿ ಇನ್ನೊಂದರದ್ದರಂತೆ ಇರಲಿಲ್ಲ. ಒಂದರಲ್ಲಿ ಸ್ಕ್ರೋಲ್ ಮಾಡಿದ ರೀತಿಯಲ್ಲಿ ಇನ್ನೊಂದರಲ್ಲಿ ಮಾಡಲಾಗುತ್ತಿರಲಿಲ್ಲ. ತನ್ನ ಯೋಜನೆ ಸಿಸ್ಟಮ್ ಅಡ್ಮಿನಿಸ್ಟ್ರೇಟರಿಗಾಗಿ ಅಲ್ಲ, ವೆಬ್ ನೋಡುವ, ನಾಲ್ಕು ಪತ್ರ ಬರೆಯುವ, ಬಿಡುವಾದಾಗ ಆಟ ಆಡುವ ಮನುಷ್ಯನಿಗಾಗಿ ಎಂದು ಎಟ್ರಿಶ್ ಸ್ಪಷ್ಟವಾಗಿ ಬರೆದ. ಲಿನಕ್ಸ್ ಲೋಕದಲ್ಲಿ ಸಾಮಾನ್ಯ ಬಳಕೆದಾರ ಎಂಬ ಪಾತ್ರ ರಂಗಕ್ಕೆ ಬಂದದ್ದು ಹೆಚ್ಚುಕಡಿಮೆ ಆಗಲೇ.

ಬಂದ ಕೂಡಲೇ ಆತನ ಹೆಸರಿನಲ್ಲಿ ಜಗಳ ಹತ್ತಿತು. ಕೆಡಿಇ ಕಟ್ಟಿದ್ದು ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿ ಎಂಬ ಸಾಮಗ್ರಿಯ ಮೇಲೆ. ಅದರ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅಡಿಪಾಯವೇ ಪರರದ್ದಾದರೆ ಮನೆ ಯಾರದು ಎಂದು ಕೇಳಿದವರು ಮೆಕ್ಸಿಕೋದ ಮಿಗೆಲ್ ದಿ ಇಕಾಸಾ ಮತ್ತು ಫೆಡೆರಿಕೊ ಮೆನಾ. 1997ರ ಆಗಸ್ಟಿನಲ್ಲಿ ಅವರು ಗ್ನೋಮ್ ಶುರು ಮಾಡಿದರು. ಕ್ಯೂಟಿ 2000ದಲ್ಲಿ ಜಿಪಿಎಲ್ ಪರವಾನಗಿಗೆ ಬಂದು ತಕರಾರಿನ ಮೂಲವೇ ಇಲ್ಲವಾಯಿತು. ಅಷ್ಟರಲ್ಲಿ ಎರಡು ಮನೆಗಳೂ ಎದ್ದು ನಿಂತಿದ್ದವು, ಇಂದಿಗೂ ನಿಂತಿವೆ. ತತ್ವದ ಈ ಜಗಳ ಅನಗತ್ಯವಾಗಿತ್ತೆಂದು ಹೇಳುವುದು ಕಷ್ಟ. ಗ್ನೋಮ್ ಇಲ್ಲದಿದ್ದರೆ ಕ್ಯೂಟಿ ಅಷ್ಟು ಬೇಗ ಮುಕ್ತವಾಗುತ್ತಿರಲಿಲ್ಲ. ಆದರೆ ಪತ್ರ ಟೈಪ್ ಮಾಡಬೇಕಿದ್ದ ಅಪ್ಪನಿಗೆ ಈಗ ಇನ್ನೊಂದು ಪ್ರಶ್ನೆ ಎದುರಾಯಿತು: ಕೆಡಿಇಯೋ ಗ್ನೋಮೋ?

ಅನುಸ್ಥಾಪನೆ ಮಾತ್ರ ಈ ನಡುವೆ ಸುಲಭವಾಗುತ್ತ ಬಂತು. 1998ರಲ್ಲಿ ಗೇಲ್ ದುವಾಲ್ ಎಂಬ ಫ್ರೆಂಚ್ ಯುವಕ ರೆಡ್ ಹ್ಯಾಟ್ ಲಿನಕ್ಸಿಗೆ ಕೆಡಿಇ ಜೋಡಿಸಿ ಮ್ಯಾಂಡ್ರೇಕ್ ಎಂದು ಬಿಟ್ಟ. 1999ರಲ್ಲಿ ಕಾಲ್ಡೆರಾ ಎಂಬ ಕಂಪನಿಯ ಲಿನಕ್ಸ್, ಫೈಲುಗಳು ನಕಲಾಗುವ ತನಕ ಬೇಸರ ಕಳೆಯಲು ಟೆಟ್ರಿಸ್ ಆಡಲು ಕೊಡುತ್ತಿತ್ತು. ಬಳಕೆದಾರ ಎದುರಿಗೆ ಸುಮ್ಮನೆ ಕೂತಿರುತ್ತಾನೆ ಎಂಬುದು ಕೊನೆಗೂ ಯಾರಿಗೋ ಹೊಳೆದಿತ್ತು. ಜರ್ಮನಿಯ ಕ್ಲೌಸ್ ಕ್ನಾಪರ್ ರೂಪಿಸಿದ ಕ್ನಾಪಿಕ್ಸ್ ಅನುಸ್ಥಾಪನೆಯನ್ನೇ ಬೇಡವೆಂದಿತು. ಸಿಡಿ ಹಾಕಿ ಯಂತ್ರ ಶುರು ಮಾಡಿದರೆ ಹಾರ್ಡ್‌ಡಿಸ್ಕ್ ಮುಟ್ಟದೆ ಲಿನಕ್ಸ್ ಎದ್ದು ಬರುತ್ತಿತ್ತು, ಯಂತ್ರದ ಭಾಗಗಳನ್ನೆಲ್ಲ ತಾನೇ ಗುರುತಿಸಿಕೊಳ್ಳುತ್ತಿತ್ತು. ಹಾರಿಜಾಂಟಲ್ ಸಿಂಕ್ ಕೇಳುವವರು ಇರಲಿಲ್ಲ.

ಮೋಡೆಮಿನ ಪಾಡು ಬೇರೆ. ಅಗ್ಗದ ಕಂಪ್ಯೂಟರುಗಳೊಳಗೆ ಬರುತ್ತಿದ್ದ ಮೋಡೆಮುಗಳು ಅರ್ಧ ಕೆಲಸವನ್ನು ವಿಂಡೋಸಿನ ತಂತ್ರಾಂಶಕ್ಕೆ ಬಿಟ್ಟು ಬೆಲೆ ಇಳಿಸಿದ್ದವು. ವಿನ್‌ಮೋಡೆಮ್ ಎಂದೇ ಅವುಗಳ ಹೆಸರು. ಲಿನಕ್ಸಿನಲ್ಲಿ ಅವು ಬರಿ ತಗಡು. ಇಂಟರ್ನೆಟ್ ಬೇಕಾದರೆ ಲಿನಕ್ಸ್ ಇಲ್ಲ, ಲಿನಕ್ಸ್ ಸರಿಮಾಡಿಕೊಳ್ಳುವುದು ಹೇಗೆಂದು ತಿಳಿಯಬೇಕಾದರೆ ಇಂಟರ್ನೆಟ್ ಬೇಕು. ಪುಣೆಯಲ್ಲೋ ಹೈದರಾಬಾದಿನಲ್ಲೋ ಒಂದೇ ಕಂಪ್ಯೂಟರಿದ್ದ ಮನೆಯಲ್ಲಿ ಇದು ಆಯ್ಕೆಯ ಮಾತೇ ಆಗಿರಲಿಲ್ಲ.

*

ಇಷ್ಟೆಲ್ಲ ಆಗುವಾಗ ಒಂದು ಕೆಲಸವನ್ನು ಮಾತ್ರ ಯಾರೂ ಸರಿಯಾಗಿ ಮಾಡಿರಲಿಲ್ಲ. ಲಿನಕ್ಸ್ ಗೊತ್ತಿಲ್ಲದ ಒಬ್ಬರನ್ನು ಅದರ ಎದುರು ಕೂರಿಸಿ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತು ನೋಡುವ ಕೆಲಸ.

ಮಾಡಿದ್ದು ಸನ್ ಮೈಕ್ರೋಸಿಸ್ಟಮ್ಸ್. ತನ್ನ ಸೋಲಾರಿಸ್ ವ್ಯವಸ್ಥೆಗೆ ಗ್ನೋಮ್ ಬಳಸುವುದೆಂದು 2000ದಲ್ಲಿ ನಿರ್ಧರಿಸಿದ್ದ ಆ ಕಂಪನಿಯಲ್ಲಿ, ಇಂಥ ಅಧ್ಯಯನವನ್ನೇ ವೃತ್ತಿ ಮಾಡಿಕೊಂಡ ಜನರಿದ್ದರು. 2001ರಲ್ಲಿ ಅವರು ಹನ್ನೆರಡು ಮಂದಿಯನ್ನು ಗ್ನೋಮ್ ಎದುರು ಕೂರಿಸಿ ದಿನನಿತ್ಯದ ಸಣ್ಣ ಕೆಲಸಗಳನ್ನು ಕೊಟ್ಟರು, ಎಲ್ಲಿ ತಡವರಿಸುತ್ತಾರೆಂದು ಬರೆದುಕೊಂಡರು, ವರದಿಯನ್ನು ಎಲ್ಲರಿಗೂ ಓದಲು ಬಿಟ್ಟರು. ಹನ್ನೆರಡು ಎಂಬುದು ಸಣ್ಣ ಸಂಖ್ಯೆ. ಆದರೆ ಆ ತನಕ ಗ್ನೋಮ್ ಕಟ್ಟಿದವರು ಬಳಕೆದಾರ ಎಂದು ಕಲ್ಪಿಸಿಕೊಂಡದ್ದು ತಮ್ಮನ್ನೇ. ಆ ಲೆಕ್ಕದಲ್ಲಿ ಹನ್ನೆರಡು ಬಹಳ ದೊಡ್ಡದು.

ಕಟ್ಟಿದವರಿಗೆ ಮನೆಮಾತಾಗಿದ್ದ ಹೆಸರುಗಳೇ ಹೊರಗಿನವರಿಗೆ ಗೋಡೆಗಳಾಗಿದ್ದವು. ಫೈಲುಗಳನ್ನು ನೋಡುವ ತಂತ್ರಾಂಶಕ್ಕೆ ನಾಟಿಲಸ್ ಎಂದು ಹೆಸರು, ಅದೊಂದು ಸಮುದ್ರಜೀವಿ. ಕಿಟಕಿಗಳನ್ನು ನಿಭಾಯಿಸುವುದಕ್ಕೆ ಸಾಫಿಶ್, ಅದು ಗರಗಸದ ಮೂತಿಯ ಮೀನು. ಎಲ್ಲಕ್ಕೂ ಪ್ರವೇಶದ್ವಾರವಾದ ಮುಖ್ಯ ಮೆನು ಇದ್ದದ್ದು ಒಂದು ಪಾದದ ಗುರುತಿನ ಹಿಂದೆ; ಅದರ ಮೇಲೆ ಅಕ್ಷರವೇ ಇರಲಿಲ್ಲ. ಪಾದ ಗ್ನೋಮಿನ ಲಾಂಛನವೆಂದು ತಿಳಿದವರಿಗೆ ಅದು ಸಹಜ. ತಿಳಿಯದವರಿಗೆ ಪಾದ ಪಾದವೇ.

2002ರ ಜೂನಿನಲ್ಲಿ ಬಂದ ಗ್ನೋಮ್ 2.0 ಈ ಪಾಠದ ಫಲ. ಮೆನುವಿನ ಮೇಲೆ ಅಪ್ಲಿಕೇಶನ್ಸ್ ಎಂಬ ಪದ ಬಂತು. ನೂರಾರು ಆಯ್ಕೆಗಳನ್ನು ಕಿತ್ತು ಹಾಕಲಾಯಿತು. ಅದೇ ವರ್ಷ ಹ್ಯಾವಕ್ ಪೆನ್ನಿಂಗ್ಟನ್ ಎಂಬ ಗ್ನೋಮ್ ತಂತ್ರಜ್ಞ ಬರೆದ ಪ್ರಬಂಧವೊಂದರ ವಾದ ಹೀಗಿತ್ತು: ಪ್ರತಿ ಸೆಟ್ಟಿಂಗಿಗೂ ಬೆಲೆ ಇದೆ, ಅದನ್ನು ಬಳಸದವರೂ ತೆರಬೇಕಾದ ಬೆಲೆ. ಎಷ್ಟೋ ಸೆಟ್ಟಿಂಗುಗಳು ಇರುವುದು ಇಬ್ಬರು ತಂತ್ರಜ್ಞರ ಜಗಳ ಬಗೆಹರಿಯದೆ ಅದನ್ನು ಬಳಕೆದಾರರ ತಲೆಗೆ ದಾಟಿಸಿದ್ದರಿಂದ. ಇದನ್ನು ಒಪ್ಪುವುದು ಸುಲಭ, ತನಗೆ ಪ್ರಿಯವಾದ ಸೆಟ್ಟಿಂಗ್ ಹೋಗುವ ತನಕ.

ಜೊತೆಗೇ ಬಂದ ವಿನ್ಯಾಸದ ಕೈಪಿಡಿ ಇನ್ನೂ ಸಣ್ಣ ವಿಷಯಗಳಿಗೆ ಇಳಿಯಿತು. ಉಳಿಸದ ಕಡತವನ್ನು ಮುಚ್ಚುವಾಗ ಬರುವ ಪ್ರಶ್ನೆಗೆ ಹೌದು, ಇಲ್ಲ ಎಂಬ ಗುಂಡಿಗಳು ಬೇಡ, ಗುಂಡಿಯ ಮೇಲೆ ಕ್ರಿಯಾಪದವೇ ಇರಲಿ ಎಂದಿತು. ‘ಉಳಿಸು’, ‘ಉಳಿಸದೆ ಮುಚ್ಚು’. ಪ್ರಶ್ನೆಯನ್ನು ಪೂರ್ತಿ ಓದದವರೂ ತಪ್ಪು ಮಾಡುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಇಂಗ್ಲಿಷ್ ಅರ್ಜಿಯ ಎದುರು ನಿಂತವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷಗಳ ಇನ್ನೊಂದು ಕೆಲಸ ಹೊರಗಿನವರ ಕಣ್ಣಿಗೆ ಬೀಳಲೇ ಇಲ್ಲ. ಪರದೆಯ ಮೇಲಿನ ಪ್ರತಿ ಗುಂಡಿಯೂ ಪಟ್ಟಿಯೂ ತಾನು ಏನೆಂದು ಇನ್ನೊಂದು ತಂತ್ರಾಂಶಕ್ಕೆ ಹೇಳಬಲ್ಲ ವ್ಯವಸ್ಥೆಯನ್ನು ಸನ್ ಕಂಪನಿಯವರು ಗ್ನೋಮ್ 2ರ ಒಳಗೆ ಕಟ್ಟಿದರು. ಅದರ ಮೇಲೆ ಓರ್ಕಾ ಎಂಬ ಸ್ಕ್ರೀನ್ ರೀಡರ್ ಬಂತು. ಕಣ್ಣು ಕಾಣದವರು ಪರದೆಯನ್ನು ಕಿವಿಯಿಂದ ಓದುವಂತಾಯಿತು. ಇಂಥ ತಂತ್ರಾಂಶಗಳಿಗೆ ಆಗ ಕಂಪ್ಯೂಟರಿನಷ್ಟೇ ಬೆಲೆ ಕೊಡಬೇಕಿದ್ದ ಕಾಲ. ಮಾತಿಗೆ ದನಿ ಕೊಟ್ಟದ್ದು ಇಸ್ಪೀಕ್ ಎಂಬ ಮುಕ್ತ ತಂತ್ರಾಂಶ, ಅದಕ್ಕೆ ಕನ್ನಡವೂ ಬರುತ್ತದೆ. ದನಿ ಯಂತ್ರದ್ದೇ, ಇಂಪಾಗಿಲ್ಲ. ಆದರೆ ಓದುತ್ತದೆ. 2010ರಲ್ಲಿ ಒರಾಕಲ್ ಕಂಪನಿ ಸನ್ ಅನ್ನು ಕೊಂಡ ಮೇಲೆ ಈ ತಂಡ ಕರಗಿತು. ಓರ್ಕಾ ಉಳಿದದ್ದು ಜೋನ್‌ಮೇರಿ ಡಿಗ್ಸ್ ಅದನ್ನು ಕೈಬಿಡದೆ ನಡೆಸಿದ್ದರಿಂದ.

ಸರಳಗೊಳಿಸುವ ಕೆಲಸಕ್ಕೆ ಹಳಬರಿಂದ ಬಂದದ್ದು ಸಿಟ್ಟು. 2005ರ ಡಿಸೆಂಬರಿನಲ್ಲಿ ಸ್ವತಃ ಟೊರ್ವಾಲ್ಡ್ಸ್ ಗ್ನೋಮ್ ತಂಡದ ಮೇಲೆ ಹರಿಹಾಯ್ದ. ಬಳಕೆದಾರರನ್ನು ದಡ್ಡರೆಂದು ನೋಡಿದರೆ ದಡ್ಡರೇ ಉಳಿಯುತ್ತಾರೆ, ಕೆಡಿಇ ಬಳಸಿ ಎಂಬುದು ಆತನ ಮಾತಿನ ಸಾರ. 2011ರಲ್ಲಿ ಗ್ನೋಮ್ 3 ಎಲ್ಲವನ್ನೂ ಮತ್ತೊಮ್ಮೆ ಬದಲಿಸಿದಾಗ ಜಗಳ ಇನ್ನೂ ಜೋರಾಯಿತು. ಹಳೆಯ ಗ್ನೋಮ್ 2ನ್ನೇ ಮೇಟ್ ಎಂಬ ಹೆಸರಿನಲ್ಲಿ ಕೆಲವರು ಉಳಿಸಿಕೊಂಡರು. ಲಿನಕ್ಸ್ ಮಿಂಟ್ ತಂಡದವರು ಸಿನಮನ್ ಕಟ್ಟಿದರು. ಟೊರ್ವಾಲ್ಡ್ಸ್ ಮುನಿಸಿಕೊಂಡು ಬೇರೆಡೆ ಹೋಗಿ, ಎರಡು ವರ್ಷಕ್ಕೆ ಗ್ನೋಮಿಗೇ ಮರಳಿದ. ಆತನ 2005ರ ದೂರಿನಲ್ಲಿ ಸತ್ಯ ಇಲ್ಲದಿರಲಿಲ್ಲ. ಹೊಸಬರಿಗೆಂದು ತೆಗೆದ ಸೌಲಭ್ಯ ಎಷ್ಟೋ ಸಲ ಅದೇ ಹೊಸಬರಿಗೆ ಆರು ತಿಂಗಳ ನಂತರ ಬೇಕಾಗುತ್ತಿತ್ತು. ಆದರೆ ಆ ಸೌಲಭ್ಯ ಇದ್ದಾಗ ಅವರು ಆರು ತಿಂಗಳು ನಿಲ್ಲುತ್ತಲೇ ಇರಲಿಲ್ಲ.

*

ಕಥೆಯ ಈ ಭಾಗದಲ್ಲಿ ಎಲ್ಲರಿಗೂ ನೆನಪಿರುವ ಹೆಸರು ಉಬುಂಟು. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ತನ್ನ ಕಂಪನಿ ಮಾರಿ, ಆ ದುಡ್ಡಿನಲ್ಲಿ 2002ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದು, 2004ರ ಅಕ್ಟೋಬರಿನಲ್ಲಿ ಇದರ ಮೊದಲ ಆವೃತ್ತಿಯನ್ನು ಬಿಟ್ಟ. ಒಂದೇ ಸಿಡಿ. ಒಂದೊಂದು ಕೆಲಸಕ್ಕೆ ಒಂದೊಂದೇ ತಂತ್ರಾಂಶ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ. ವಿಳಾಸ ಬರೆದು ಕೇಳಿದರೆ ಜಗತ್ತಿನ ಯಾವ ಮೂಲೆಗಾದರೂ ಅಂಚೆಯಲ್ಲಿ ಉಚಿತ ಸಿಡಿ ಬರುತ್ತಿತ್ತು. 2011ರ ತನಕ ಇದು ನಡೆಯಿತು. ಹಾಸ್ಟೆಲಿನ ವಿಳಾಸಕ್ಕೆ ವಿದೇಶದಿಂದ ಬಂದ ಆ ಲಕೋಟೆಯನ್ನು ಸಿಡಿ ಡ್ರೈವೇ ಇಲ್ಲದ ಈ ಕಾಲದಲ್ಲೂ ಎತ್ತಿಟ್ಟುಕೊಂಡವರಿದ್ದಾರೆ.

ಉಬುಂಟುವಿನ ದೋಷಗಳ ಪಟ್ಟಿಯಲ್ಲಿ ಮೊದಲನೆಯದನ್ನು ದಾಖಲಿಸಿದವನು ಶಟಲ್‌ವರ್ತ್ ಸ್ವತಃ. ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟಿನ ಕೈಯಲ್ಲಿದೆ ಎಂಬುದೇ ಆ ದೋಷ. ಭಾರತದಲ್ಲಿ ಈ ದೋಷಕ್ಕೆ ಒಂದು ವಿಚಿತ್ರ ತಿರುವಿತ್ತು. ದೆಹಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್, ಇಂಥ ಕಡೆಗಳಿಂದ ಭಾಗಗಳನ್ನು ತಂದು ಅಸೆಂಬಲ್ ಮಾಡಿಸಿದ ಪಿಸಿಗಳಲ್ಲಿ ಎಷ್ಟರಲ್ಲೋ ವಿಂಡೋಸ್ ಕೂಡ ಪುಕ್ಕಟೆಯೇ, ನಕಲು ಸಿಡಿಯ ಕೃಪೆಯಿಂದ. ಪಶ್ಚಿಮದಲ್ಲಿ ಲಿನಕ್ಸಿನ ದೊಡ್ಡ ವಾದವಾಗಿದ್ದ ಬೆಲೆ ಇಲ್ಲಿ ವಾದವೇ ಆಗಲಿಲ್ಲ. ಇಲ್ಲಿ ಲೆಕ್ಕಕ್ಕೆ ಬಂದದ್ದು ಪಕ್ಕದ ಮನೆಯ ಹುಡುಗನಿಗೆ ಯಾವುದನ್ನು ರಿಪೇರಿ ಮಾಡಲು ಬರುತ್ತದೆ ಎಂಬುದು. ಜೊತೆಗೆ ಉಬುಂಟು ಹಾಕಿದ ಮೊದಲ ದಿನವೇ ಒಂದು ಎಡವಟ್ಟು. ಪೇಟೆಂಟಿನ ಕಾರಣಕ್ಕೆ ಎಂಪಿ3 ಹಾಡುಗಳು ತಾವಾಗಿ ನುಡಿಯುತ್ತಿರಲಿಲ್ಲ, ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಿತ್ತು. ಹಾರ್ಡ್‌ಡಿಸ್ಕ್ ತುಂಬ ಭಾವಗೀತೆಗಳನ್ನು ಇಟ್ಟುಕೊಂಡವರಿಗೆ ಸ್ವಾತಂತ್ರ್ಯದ ಬಗ್ಗೆ ಹೇಳುವ ಮೊದಲು ಇದನ್ನು ವಿವರಿಸಬೇಕಾಗುತ್ತಿತ್ತು.

*

ಭಾರತದಲ್ಲಿ ಸಾಮಾನ್ಯ ಬಳಕೆದಾರ ಎಂದ ಕೂಡಲೇ ಎದುರಾಗುತ್ತಿದ್ದದ್ದು ಇನ್ನೂ ಮೂಲಭೂತವಾದ ಪ್ರಶ್ನೆ. ಆತನಿಗೆ ಇಂಗ್ಲಿಷ್ ಬರದಿದ್ದರೆ?

ಟೊರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದ ಎರಡು ತಿಂಗಳಿಗೆ, 1991ರ ಅಕ್ಟೋಬರಿನಲ್ಲಿ, ಯೂನಿಕೋಡಿನ ಮೊದಲ ಆವೃತ್ತಿ ಹೊರಬಂತು. ಅದರಲ್ಲಿ ಕನ್ನಡ ಇತ್ತು. ಆದರೆ ಅಕ್ಷರಕ್ಕೊಂದು ಸಂಖ್ಯೆ ಸಿಕ್ಕಿದ ಮಾತ್ರಕ್ಕೆ ಅದು ಪರದೆಯ ಮೇಲೆ ಮೂಡುವುದಿಲ್ಲ. ‘ಸ್ತ್ರೀ’ ಎಂಬ ಪದ ಕಂಪ್ಯೂಟರಿನ ನೆನಪಿನಲ್ಲಿ ಆರು ಸಂಕೇತಗಳ ಸಾಲು: ಸ, ಹಲಂತ, ತ, ಹಲಂತ, ರ, ಈಕಾರ. ಪರದೆಯ ಮೇಲೆ ಬರುವಾಗ ತ ಮತ್ತು ರ ಒತ್ತಾಗಿ ಇಳಿಯಬೇಕು. ಎಲ್ಲಕ್ಕಿಂತ ಕೊನೆಗೆ ಬಂದ ಈಕಾರದ ಗುಡಿಸು ಹಿಂದಕ್ಕೆ ಹೋಗಿ ಎಲ್ಲಕ್ಕಿಂತ ಮೊದಲಿದ್ದ ಸಕಾರದ ತಲೆಯ ಮೇಲೆ ಕೂರಬೇಕು, ಅದರ ದೀರ್ಘ ಮಾತ್ರ ಒತ್ತುಗಳನ್ನು ದಾಟಿ ಆಚೆ ನಿಲ್ಲಬೇಕು. ‘ಸೂರ್ಯ’ ಎಂದು ಬರೆದರೆ ರಕಾರ ಅರ್ಕಾವೊತ್ತಾಗಿ ಯಕಾರದ ಬೆನ್ನಿಗೆ ಹೋಗಬೇಕು. ‘ರ‍್ಯಾಂಕ್’ ಎಂದಾಗ ಹೋಗಬಾರದು. ಕಾಗುಣಿತ ಕಲಿತ ಮಗುವಿಗೆ ಗೊತ್ತಿರುವ ಈ ವ್ಯವಹಾರವನ್ನು ಇಂಗ್ಲಿಷಿನ ಒಂದರ ಪಕ್ಕ ಒಂದು ಜೋಡಿಸುವ ಲೆಕ್ಕದಲ್ಲಿ ಬರೆದ ತಂತ್ರಾಂಶಕ್ಕೆ ಹೇಳಿಕೊಡಬೇಕಿತ್ತು.

ಗ್ನೋಮ್ ಬಳಗದಲ್ಲಿ ರೆಡ್ ಹ್ಯಾಟಿನ ಓವೆನ್ ಟೇಲರ್ ಇದಕ್ಕೆಂದೇ ಪ್ಯಾಂಗೋ ಎಂಬ ಪದರವನ್ನು ಕಟ್ಟತೊಡಗಿದರು. ಗ್ರೀಕಿನ ‘ಪ್ಯಾನ್’ ಅಂದರೆ ಎಲ್ಲ, ಜಪಾನಿಯ ‘ಗೋ’ ಅಂದರೆ ಭಾಷೆ. ಎಲ್ಲ ಬರಹಗಳನ್ನೂ ಒಂದೇ ಬಾಗಿಲಿನಿಂದ ಪರದೆಗೆ ಕಳಿಸುವ ಯೋಜನೆ. ಗ್ನೋಮ್ 2ರ ಅಡಿಪಾಯದಲ್ಲೇ ಅದು ಸೇರಿತು. ಗುಂಡಿಯ ಮೇಲೆ ಕ್ರಿಯಾಪದ ಇರಲಿ ಎಂದು ಒಂದು ಗುಂಪು ವಾದಿಸುತ್ತಿದ್ದ ವರ್ಷದಲ್ಲೇ, ಆ ಕ್ರಿಯಾಪದ ಕನ್ನಡದಲ್ಲೂ ಮೂಡಲು ಬೇಕಾದ ದಾರಿಯನ್ನು ಇನ್ನೊಂದು ಗುಂಪು ಕಡಿಯುತ್ತಿತ್ತು. ಮುಂಬಯಿಯಲ್ಲಿ ಎನ್‌ಸಿಎಸ್‌ಟಿ ಸಂಸ್ಥೆಯವರು ಇಂಡಿಕ್ಸ್ ಎಂಬ ಯೋಜನೆಯಲ್ಲಿ ಭಾರತೀಯ ಲಿಪಿಗಳನ್ನು ಲಿನಕ್ಸಿಗೆ ತರುತ್ತಿದ್ದರು. ಅದೇ ನಗರದಿಂದ ವೆಂಕಟೇಶ್ ಹರಿಹರನ್, ಪ್ರಕಾಶ್ ಅಡ್ವಾಣಿ ಶುರುಮಾಡಿದ ಇಂಡ್‌ಲಿನಕ್ಸ್ ಬಳಗ ಬೇರೆ ಬೇರೆ ಭಾಷೆಗಳ ಸ್ವಯಂಸೇವಕರನ್ನು ಒಟ್ಟುಗೂಡಿಸಿತು. ದೆಹಲಿಯಲ್ಲಿ ಸಿಎಸ್‌ಡಿಎಸ್ ಸಂಸ್ಥೆಯ ಸರಾಯ್ ಕೇಂದ್ರ ಹಿಂದಿ ಅನುವಾದದ ಕಮ್ಮಟಗಳನ್ನು ನಡೆಸಿತು. ಚೆನ್ನೈನ ಸಿ-ಡ್ಯಾಕ್ 2007ರಲ್ಲಿ ಭಾರತೀಯ ಭಾಷೆಗಳನ್ನು ಸೇರಿಸಿದ ಬಾಸ್ ಲಿನಕ್ಸನ್ನು ಬಿಟ್ಟಿತು.

ಪುಣೆಯ ಪಾಲು ಫಾಂಟುಗಳದ್ದು. ಅಲ್ಲಿನ ಮಾಡ್ಯುಲರ್ ಇನ್ಫೋಟೆಕ್ ಒದಗಿಸಿದ ಅಕ್ಷರಗಳನ್ನು ರೆಡ್ ಹ್ಯಾಟ್ ಲೋಹಿತ್ ಎಂಬ ಹೆಸರಿನಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟಿತು. ಲೋಹಿತ ಅಂದರೆ ಕೆಂಪು. ಕಂಪನಿಯ ಹೆಸರಿನಲ್ಲಿರುವ ಬಣ್ಣ. ಕನ್ನಡವೂ ಸೇರಿ ಹನ್ನೊಂದು ಭಾಷೆಗಳಿಗೆ ಅದು ಬೆಳೆಯಿತು. ಲೋಹಿತ್ ಕನ್ನಡ ಸುಂದರವೆಂದು ಯಾರೂ ಹೊಗಳಿದಂತಿಲ್ಲ, ಆದರೆ ಲಿನಕ್ಸ್ ಹಾಕಿದ ಯಂತ್ರದಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುವುದನ್ನು ನಿಲ್ಲಿಸಿದ್ದರಲ್ಲಿ ಅದರ ಪಾಲು ದೊಡ್ಡದು.

ಕನ್ನಡಿಗರಿಗೆ ತಮ್ಮದೇ ಆದ ಒಂದು ತೊಡಕೂ ಇತ್ತು. ಬರಹ, ನುಡಿ ಎರಡೂ ವಿಂಡೋಸಿನ ತಂತ್ರಾಂಶಗಳು. ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ಅವುಗಳದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳ ಹಳೆಯ ಕಡತಗಳು ಯೂನಿಕೋಡಿನಲ್ಲಿರಲಿಲ್ಲ, ಫಾಂಟಿಗೆ ಅಂಟಿಕೊಂಡಿದ್ದವು. ಲಿನಕ್ಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನುಡಿಯಲ್ಲಿ ಕಡತಗಳಿದ್ದ ಕಚೇರಿಗೆ ಲಿನಕ್ಸ್ ಎಷ್ಟು ಸುಲಭವಾದರೂ ಪ್ರಯೋಜನವಿರಲಿಲ್ಲ. ಕೀಲಿಮಣೆಯ ವಿಷಯ ಮಾತ್ರ ಚೆನ್ನಾಗಿ ಮುಗಿಯಿತು. ಕೆ. ಪಿ. ರಾವ್ ರೂಪಿಸಿದ, ನುಡಿಯಿಂದ ಜನಪ್ರಿಯವಾದ ವಿನ್ಯಾಸ ಇಂದು ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲೇ ಇದೆ, ಕಗಪ ಎಂಬ ಹೆಸರಿನಲ್ಲಿ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಹೀಗೆ ಜಗತ್ತಿನ ಲಿನಕ್ಸ್ ಯಂತ್ರಗಳೊಳಗೆಲ್ಲ ಕೂತಿವೆ.

ಇನ್ನು ಅನುವಾದ. ಫೈಲ್ ಎಂದರೆ ಕಡತ, ಫೋಲ್ಡರ್ ಎಂದರೆ ಕಡತಕೋಶ, ಪಾಸ್‌ವರ್ಡ್ ಎಂದರೆ ಗುಪ್ತಪದ, ಟ್ರ್ಯಾಶ್ ಎಂದರೆ ಕಸಬುಟ್ಟಿ. ಸಾವಿರಾರು ತುಣುಕು ವಾಕ್ಯಗಳನ್ನು ಬೆರಳೆಣಿಕೆಯ ಜನ ರಾತ್ರಿ ಕೂತು ಕನ್ನಡಿಸಿದರು. ಒಬ್ಬರ ಕಡತ ಇನ್ನೊಬ್ಬರಿಗೆ ಫೈಲೇ ಆಗಿ ಉಳಿಯಬಾರದೆಂದು, ಪದೇ ಪದೇ ಬರುವ ಕೆಲವು ನೂರು ಪದಗಳನ್ನು ಎಲ್ಲರೂ ಒಪ್ಪಿ ನಿಗದಿ ಮಾಡುವ ಫ್ಯೂಯೆಲ್ ಯೋಜನೆ 2008ರಲ್ಲಿ ಪುಣೆಯಿಂದಲೇ ಹೊರಟಿತು. ಈ ಕೆಲಸಕ್ಕೆ ಮುಕ್ತಾಯವೆಂಬುದಿಲ್ಲ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ, ಹೊಸ ವಾಕ್ಯಗಳು ಬರುತ್ತವೆ. ಅನುವಾದಕರು ಸುಸ್ತಾದರೆ ಕನ್ನಡದ ಮೆನುವಿನ ನಡುವೆ ಇಂಗ್ಲಿಷ್ ಸಾಲುಗಳು ಕಳೆಯಂತೆ ಏಳುತ್ತವೆ. ಕೆಲವೊಮ್ಮೆ ಎದ್ದಿವೆ ಕೂಡ. ನಗರದ ಕನ್ನಡಿಗರು ಗುಪ್ತಪದ ಎಂಬುದನ್ನು ನೋಡಿ ನಕ್ಕು ಮೆನುವನ್ನು ಇಂಗ್ಲಿಷಿಗೇ ತಿರುಗಿಸಿಕೊಂಡದ್ದೂ ಉಂಟು. ಅವರಿಗೆ ಆ ಅನುಕೂಲ ಇತ್ತು.

*

ಹಾಗಾದರೆ ಕನ್ನಡದಲ್ಲಿ ಓದುತ್ತ ಲಿನಕ್ಸ್ ಕಲಿತವರು ಯಾರು? ಒಂದು ಉತ್ತರ ಕರ್ನಾಟಕದ ಗಡಿಯಾಚೆ ಇದೆ.

ಕೇರಳ ಸರ್ಕಾರ 2001ರ ಸುಮಾರಿಗೆ ಐಟಿ@ಸ್ಕೂಲ್ ಯೋಜನೆ ಶುರು ಮಾಡಿತು. ಮೊದಮೊದಲ ಪಠ್ಯಗಳು ವಿಂಡೋಸಿನ ಸುತ್ತ ಇದ್ದವು. ಸ್ವತಂತ್ರ ತಂತ್ರಾಂಶದ ಚಳವಳಿಗೆ ಆ ರಾಜ್ಯದಲ್ಲಿ ಆಗಲೇ ನೆಲೆ ಇತ್ತು. ಸ್ಟಾಲ್ಮನ್ ಬಂದು ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಚಾಲನೆ ಕೊಟ್ಟದ್ದು 2001ರಲ್ಲಿ ತಿರುವನಂತಪುರದಲ್ಲಿ. ಶಿಕ್ಷಕರೂ ಸೇರಿಕೊಂಡರು. ಆ ದಶಕ ಮುಗಿಯುವ ಮೊದಲು ಕೇರಳದ ಸರ್ಕಾರಿ ಹೈಸ್ಕೂಲುಗಳ ಕಂಪ್ಯೂಟರ್ ಪಾಠ ಪೂರ್ತಿ ಲಿನಕ್ಸಿಗೆ ಬಂದಿತ್ತು, ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯೂ ಅದರ ಮೇಲೆಯೇ.

ಇಲ್ಲಿ ಗಮನಿಸಬೇಕಾದದ್ದು ತಂತ್ರಾಂಶಕ್ಕಿಂತ ಹೆಚ್ಚಾಗಿ ಮೇಷ್ಟರುಗಳನ್ನು. ಕಂಪ್ಯೂಟರ್ ಕಲಿಸಲು ಹೊರಗಿನ ಕಂಪನಿಯ ಜನರನ್ನು ತರಲಿಲ್ಲ. ಗಣಿತದ, ಸಮಾಜದ, ಭಾಷೆಯ ಶಿಕ್ಷಕರಿಗೇ ತರಬೇತಿ ಕೊಟ್ಟರು, ಅವರಲ್ಲಿ ಕೆಲವರನ್ನು ಉಳಿದವರಿಗೆ ಕಲಿಸುವವರನ್ನಾಗಿ ಮಾಡಿದರು. ಅವರ ಅಗತ್ಯಕ್ಕೆ ತಕ್ಕಂತೆ ಲಿನಕ್ಸಿನದೇ ಒಂದು ಆವೃತ್ತಿ ಸಿದ್ಧವಾಯಿತು, ಗಣಿತಕ್ಕೆ ಜಿಯೋಜೀಬ್ರಾದಂಥವೆಲ್ಲ ಅದರಲ್ಲೇ ಅಡಕ. ಲ್ಯಾಬಿನಲ್ಲಿ ಏನಾದರೂ ಕೆಟ್ಟರೆ ಫೋನ್ ಮಾಡಿದಾಗ ಎತ್ತುವವರು ಇನ್ನೊಂದು ಶಾಲೆಯ ಮೇಷ್ಟರು ಅಥವಾ ಟೀಚರ್. ಪಕ್ಕದ ಮನೆಯ ಹುಡುಗನಿಗೆ ರಿಪೇರಿ ಬರಬೇಕೆಂಬ ಶರತ್ತನ್ನು ಒಂದು ರಾಜ್ಯ ಹೀಗೆ ಪೂರೈಸಿತು.

ಆ ರಾಜ್ಯದ ಉತ್ತರದ ತುದಿಯಲ್ಲಿ ಕಾಸರಗೋಡು ಇದೆ, ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೇರಳದ ಐಸಿಟಿ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳ ಜೊತೆ ಕನ್ನಡದಲ್ಲೂ ಅಚ್ಚಾಗುತ್ತವೆ. ಮಂಜೇಶ್ವರ, ಕುಂಬಳೆಯ ಕಡೆಯ ಮಕ್ಕಳು ಕನ್ನಡ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು ಕಲಿತ ಮೊದಲ ಕಂಪ್ಯೂಟರ್ ಲಿನಕ್ಸಿನದು. ಅವರಿಗೆ ಅದು ಬದಲಿ ವ್ಯವಸ್ಥೆಯಲ್ಲ, ಕ್ರಾಂತಿಯೂ ಅಲ್ಲ. ಶಾಲೆಯ ಕಂಪ್ಯೂಟರ್, ಅಷ್ಟೇ. ಕರ್ನಾಟಕದಲ್ಲೂ 2010ರ ದಶಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಹೈಸ್ಕೂಲ್ ಶಿಕ್ಷಕರಿಗೆ ಉಬುಂಟು ಕಲಿಸಿತು.

*

2013ರ ಮೇ 30ರಂದು ಶಟಲ್‌ವರ್ತ್ ತಾನು ದಾಖಲಿಸಿದ ಮೊದಲ ದೋಷವನ್ನು ಪರಿಹಾರವಾಯಿತೆಂದು ಮುಚ್ಚಿದ. ಉಬುಂಟು ಗೆದ್ದಿರಲಿಲ್ಲ, ಫೋನುಗಳೂ ಟ್ಯಾಬ್ಲೆಟ್ಟುಗಳೂ ಬಂದು ಆಟದ ಅಂಗಳವನ್ನೇ ಬದಲಿಸಿದ್ದವು ಎಂಬುದನ್ನು ಆತನೂ ಒಪ್ಪಿಕೊಂಡಿದ್ದ. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಲಿನಕ್ಸಿನ ಪಾಲು ಸ್ಟ್ಯಾಟ್‌ಕೌಂಟರಿನ ಲೆಕ್ಕದಲ್ಲಿ ಜಗತ್ತಿನಾದ್ಯಂತ ಶೇ. 4 ಮುಟ್ಟಿದ್ದು 2024ರ ಫೆಬ್ರುವರಿಯಲ್ಲಿ. ಮೂವತ್ತಮೂರು ವರ್ಷಕ್ಕೆ ನೂರರಲ್ಲಿ ನಾಲ್ಕು.

ಆದರೆ ಪ್ಯಾಂಗೋದೊಳಗೆ ಅಕ್ಷರ ಜೋಡಿಸುತ್ತಿದ್ದ ಭಾಗವನ್ನು, ಕೆಡಿಇಯ ಕ್ಯೂಟಿಯೊಳಗಿದ್ದ ಅದರ ಜೋಡಿಯನ್ನು ಒಂದುಗೂಡಿಸಿ, ಆಮೇಲೆ ಹೊಸದಾಗಿ ಬರೆದು ಬೆಳೆಸಿದ್ದೇ ಹಾರ್ಫ್‌ಬಜ್. ಬೆಹದಾದ್ ಎಸ್ಫಹಬೋದ್ ಎಂಬ ಇರಾನ್ ಮೂಲದ ತಂತ್ರಜ್ಞ ಇದರ ಮುಖ್ಯ ಕರ್ತೃ. ಪಾರಸಿಯಲ್ಲಿ ಹರ್ಫ್ ಅಂದರೆ ಅಕ್ಷರ, ಬಾಜ್ ಅಂದರೆ ತೆರೆದದ್ದು. ಹೈದರಾಬಾದಿನ ಓದುಗರಿಗೆ ಮೊದಲ ಪದ ಉರ್ದುವಿನಿಂದಲೇ ಪರಿಚಿತ. ಎರಡು ಡೆಸ್ಕ್‌ಟಾಪುಗಳು ಜಗಳವಾಡಿಕೊಂಡೇ ಕಟ್ಟಿದ ಈ ಸಾಮಗ್ರಿ ಈಗ ಫೈರ್‌ಫಾಕ್ಸಿನಲ್ಲಿದೆ, ಕ್ರೋಮ್‌ನಲ್ಲಿದೆ, ಆಂಡ್ರಾಯ್ಡಿನಲ್ಲಿದೆ. ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತು ಯಾರೋ ಊರಿಗೆ ಕನ್ನಡದಲ್ಲಿ ಒಂದು ಸಾಲು ಕಳಿಸುವಾಗ, ಆಂಡ್ರಾಯ್ಡ್ ಫೋನಿನಲ್ಲಿ ಒತ್ತಕ್ಷರವನ್ನು ಇಳಿಸಿ ಗುಡಿಸನ್ನು ಏರಿಸುವುದು ಅದೇ.

ಲಿನಕ್ಸ್ ಅನುಸ್ಥಾಪನೆ ಈಗ ಹೇಗಿದೆ? ಡೆಬಿಯನ್ ಎಂಬುದು ಹಳೆಯ, ಸಂಭಾವಿತ, ಸ್ವಲ್ಪ ಬಿಗುಮಾನದ ಲಿನಕ್ಸ್. ಉಬುಂಟುವೂ ಬಾಸ್ ಲಿನಕ್ಸೂ ಅದರ ಮಕ್ಕಳು. ಅದರ ಅನುಸ್ಥಾಪನೆ ಬಹಳ ಕಾಲ ಬರಿ ಅಕ್ಷರಗಳ ಪರದೆಯಲ್ಲೇ ನಡೆಯುತ್ತಿತ್ತು. 2007ರಲ್ಲಿ ಚಿತ್ರರೂಪದ ಅನುಸ್ಥಾಪಕ ಬಂತು. ಹಳೆಯ ಪರದೆಯಲ್ಲಿ ಒತ್ತಕ್ಷರ ಕೂರಿಸಲು ಆಗುತ್ತಿರಲಿಲ್ಲ ಎಂಬುದೂ ಅದಕ್ಕೆ ಒಂದು ಕಾರಣ. ಇಂದು ಅದನ್ನು ಶುರು ಮಾಡಿದರೆ ಮಾನಿಟರಿನ ಬಗ್ಗೆ ಯಾರೂ ಕೇಳುವುದಿಲ್ಲ. ಮೊದಲು ಕೇಳುವುದು ಯಾವ ಭಾಷೆ ಎಂದು. ಪಟ್ಟಿ ಉದ್ದವಿದೆ, ಸ್ವಲ್ಪ ಕೆಳಗೆ ಸರಿಸಿದರೆ ಕನ್ನಡ ಸಿಗುತ್ತದೆ, ಕನ್ನಡದಲ್ಲೇ ಬರೆದು.